ಧೈರ್ಯದ ಮಾತಿಗಿಂತ ಮೊದಲು ಉದ್ರಿ ಪುಸ್ತಕ

2020ರ ಏಪ್ರಿಲ್ ಎರಡನೆಯ ವಾರ, ನಾನು ಎಂಬಿಎ ಓದಿದ ಹುಬ್ಬಳ್ಳಿಯ ಕಾಲೇಜಿನಿಂದ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಪ್ರಾಧ್ಯಾಪಕರು ಫೋನ್ ಮಾಡಿದರು. "ಫೈನಲ್ ಇಯರ್ ಹುಡುಗ್ರು ಭಾಳ ಕುಗ್ಗ್ಯಾರ್ರೀ. ಹಳೇ ವಿದ್ಯಾರ್ಥಿಗಳು ನೀವೊಂದಿಷ್ಟು ಮಂದಿ ಸೇರಿ ಧೈರ್ಯ ಹೇಳ್ರಿ" ಎಂದರು. ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್‌ನಲ್ಲಿತ್ತು. ಹಾಸ್ಟೆಲ್ ಖಾಲಿಯಾಗಿ ವಿದ್ಯಾರ್ಥಿಗಳು ಗದಗ, ಹಾವೇರಿ, ಕೊಪ್ಪಳದ ಕಡೆಯ ತಮ್ಮ ತಮ್ಮ ಊರು ಸೇರಿದ್ದರು. ಪರೀಕ್ಷೆ ಯಾವಾಗ ಎಂಬುದು ಯಾರಿಗೂ ತಿಳಿದಿರಲಿಲ್ಲ, ಕೈಗೆ ಬಂದಿದ್ದ ಕೆಲಸಗಳು ಒಂದೊಂದಾಗಿ ಹೋಗುತ್ತಿದ್ದವು. ಬೆಂಗಳೂರಿನಲ್ಲಿ ಬ್ಯಾಂಕೊಂದರ ಸಣ್ಣ ಉದ್ಯಮಗಳ ಸಾಲ ವಿಭಾಗದಲ್ಲಿರುವ ನಾನು, ಧೈರ್ಯ ಹೇಳುವುದೇನು ದೊಡ್ಡ ಕೆಲಸವೆಂದುಕೊಂಡು ಒಪ್ಪಿಬಿಟ್ಟೆ.

ಮೊದಲ ಭಾನುವಾರ ಝೂಮ್‌ನಲ್ಲಿ ಸಭೆ ಇಟ್ಟೆವು. 58 ವಿದ್ಯಾರ್ಥಿಗಳ ಪೈಕಿ 31 ಮಂದಿ ಸೇರಿದರು. ನಾವು ಐದು ಜನ ಸರದಿಯಂತೆ ಮಾತನಾಡಿದೆವು. ಸಂಕಷ್ಟದಲ್ಲೇ ಅವಕಾಶ ಅಡಗಿರುತ್ತದೆ ಎಂದು ನಮ್ಮಲ್ಲೊಬ್ಬರು ವಿವರಿಸುತ್ತಿದ್ದಾಗ ಚಾಟ್‌ನಲ್ಲಿ ಒಂದು ಸಾಲು ಮೂಡಿತು: "ಸರ್, ನನ್ನ ಆಫರ್ ನಿನ್ನೆ ಕ್ಯಾನ್ಸಲ್ ಆಯ್ತು. ನಾಳೆ ನಾನು ಏನು ಮಾಡಬೇಕು?" ಮಾತನಾಡುತ್ತಿದ್ದವರು ಅದನ್ನು ಓದಿದರು, ನಾನೂ ಓದಿದೆ, ಇಬ್ಬರೂ ಉತ್ತರಿಸಲಿಲ್ಲ. ಸಭೆ ಮುಗಿಯುವ ಹೊತ್ತಿಗೆ ಉಳಿದಿದ್ದವರು 12 ಮಂದಿ.

ಆ ರಾತ್ರಿ ನನಗೆ ನೆನಪಾದದ್ದು ನನ್ನದೇ 2009. ಹಿಂದಿನ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ಮುಳುಗಿತ್ತು, ಜನವರಿಯಲ್ಲಿ ಸತ್ಯಂ ಕಂಪನಿಯ ಲೆಕ್ಕದ ಹಗರಣ ಹೊರಬಿದ್ದಿತ್ತು. ನನ್ನನ್ನು ಕ್ಯಾಂಪಸ್‌ನಲ್ಲಿ ಆರಿಸಿಕೊಂಡಿದ್ದ ಕಂಪನಿ ಸೇರುವ ದಿನಾಂಕವನ್ನು ಮೂರು ಸಲ ಮುಂದೂಡಿ, ಕೊನೆಗೆ ಪತ್ರ ಬರೆಯುವುದನ್ನೇ ನಿಲ್ಲಿಸಿತು. ಜುಲೈನಿಂದ ಮುಂದಿನ ಫೆಬ್ರವರಿವರೆಗೆ ನಾನು ಬ್ಯಾಡಗಿಯಲ್ಲಿ ಸೋದರಮಾವನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ದಿನದ ಲೆಕ್ಕದ ಕಿರ್ದಿ ಪುಸ್ತಕ ಬರೆದೆ. ಎಂಬಿಎ ಮುಗಿಸಿ ಘಾಟಿಗೆ ಸೀನುತ್ತ ಚೀಲ ಎಣಿಸುವುದು ಅವಮಾನವೆಂದೇ ಅನ್ನಿಸುತ್ತಿತ್ತು. ಸ್ನೇಹಿತರು ಫೋನ್ ಮಾಡಿದರೆ "ಬಿಸಿನೆಸ್ ನೋಡ್ಕೊಳ್ತಿದೀನಿ" ಎನ್ನುತ್ತಿದ್ದೆ. ರೈತನಿಗೆ ಹಣ ಬೇಗ ಕೊಡಬೇಕು, ಖರೀದಿದಾರರಿಂದ ಬರುವುದು ವಾರಗಳ ಮೇಲೆ. ನಡುವಿನ ಆ ಅಂತರವನ್ನು ತುಂಬುವುದೇ ದಲಾಲಿ ಅಂಗಡಿಯ ಬಂಡವಾಳ. "ಲಾಭ ಕಿರ್ದ್ಯಾಗ ಇರ್ತೈತಿ, ರೊಕ್ಕ ಉದ್ರ್ಯಾಗ ಇರ್ತೈತಿ" ಎಂದು ಮಾವ ಹೇಳುತ್ತಿದ್ದರು. ದುಡಿಯುವ ಬಂಡವಾಳ ಎಂಬ ಅಧ್ಯಾಯವನ್ನು ತರಗತಿಯಲ್ಲಿ ಓದಿ ಅಂಕ ಪಡೆದಿದ್ದ ನನಗೆ ಅದು ಅರ್ಥವಾದದ್ದು ಅಲ್ಲಿ, ಮತ್ತು ಮರುವರ್ಷ ಬ್ಯಾಂಕಿನ ಸಂದರ್ಶನದಲ್ಲಿ ನನ್ನನ್ನು ಕೇಳಿದ್ದೂ ಬಹುತೇಕ ಅದನ್ನೇ.

ಈ ಎಂಟು ತಿಂಗಳ ಸಂಗತಿಯನ್ನು ಹನ್ನೊಂದು ವರ್ಷ ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹಳೆಯ ವಿದ್ಯಾರ್ಥಿಗಳಾಗಿ ವೇದಿಕೆ ಹತ್ತುವ ನಾವು ಈಗಿನ ಹುದ್ದೆಯಿಂದ ಮಾತು ಆರಂಭಿಸಿ, ಅದಕ್ಕೆ ಮೊದಲು ಮನೆಯಲ್ಲಿ ಕುಳಿತ ತಿಂಗಳುಗಳನ್ನು ಹಾರಿಸಿಬಿಡುತ್ತೇವೆ. ಕೆಲಸ ಹೋದ ಹುಡುಗನಿಗೆ ಬೇಕಾಗಿರುವುದು ಆ ತಿಂಗಳುಗಳ ವಿವರ.

ಮರುವಾರ ಝೂಮ್ ಬಿಟ್ಟೆವು. 19 ಮಂದಿ ಹಳೆಯ ವಿದ್ಯಾರ್ಥಿಗಳು ತಲಾ ಮೂವರನ್ನೋ ನಾಲ್ವರನ್ನೋ ಹಂಚಿಕೊಂಡು, ವಾರಕ್ಕೊಮ್ಮೆ ಮಾಮೂಲಿ ಫೋನ್ ಕರೆ ಮಾಡುವುದೆಂದು ಗೊತ್ತುಮಾಡಿಕೊಂಡೆವು. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನ್ ಇದ್ದು, ಅದು ತಮ್ಮನ ಆನ್‌ಲೈನ್ ತರಗತಿಗೆ ಮೀಸಲಾಗಿದ್ದ ಮನೆಗಳೂ ಇವೆಯೆಂಬುದು ಆಗಷ್ಟೇ ನಮಗೆ ತಿಳಿದದ್ದು. ಮೊದಲ ಕರೆಯಲ್ಲಿ ನಮ್ಮ ಅತ್ಯಂತ ಕೆಟ್ಟ ವರ್ಷವನ್ನು, ಸಂಬಳದ ಅಂಕಿ ಸಮೇತ, ಮುಚ್ಚುಮರೆಯಿಲ್ಲದೆ ಹೇಳಬೇಕು. ಕೊನೆಯಲ್ಲಿ ಮುಂದಿನ ವಾರಕ್ಕೆ ಮಾಡಬಹುದಾದ ಒಂದೇ ಒಂದು ಕೆಲಸ ಕೊಡಬೇಕು. ನಿಯಮ ಇಷ್ಟೇ.

ನನ್ನ ಪಾಲಿಗೆ ಬಂದವರಲ್ಲಿ ಒಬ್ಬನ ತಂದೆಗೆ ಗದಗ ಜಿಲ್ಲೆಯ ಸಣ್ಣ ಊರೊಂದರಲ್ಲಿ ಬಟ್ಟೆ ಅಂಗಡಿ. ಮದುವೆ ಹಂಗಾಮಿಗೆಂದು ತುಂಬಿದ್ದ ಮಾಲು ಹಾಗೇ ಕುಳಿತಿತ್ತು. ಹುಡುಗ ಮೊದಲ ಎರಡು ಕರೆಗಳಲ್ಲಿ "ಹೂಂ ಸರ್" ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೆಯ ವಾರ ನಾನು, ಅಪ್ಪನ ಉದ್ರಿ ಪುಸ್ತಕ ಇಟ್ಟುಕೊಂಡು ಕೂರು, ಯಾರಿಂದ ಎಷ್ಟು ಬರಬೇಕು, ಎಷ್ಟು ದಿನದಿಂದ ಬಾಕಿ ಎಂದು ಎಕ್ಸೆಲ್‌ಗೆ ಹಾಕು ಎಂದೆ. ಹಾಕಿದ. ಒಟ್ಟು ಬಾಕಿ 1,86,000 ರೂಪಾಯಿ. ಅದರಲ್ಲಿ ಅರ್ಧಕ್ಕೂ ಹೆಚ್ಚು ಕೇವಲ 11 ಗಿರಾಕಿಗಳ ಹತ್ತಿರ. ಅಪ್ಪನಿಗೇ ಅದು ಗೊತ್ತಿರಲಿಲ್ಲ ಎಂದು ಹೇಳುವಾಗ ಅವನ ದನಿ ಬೇರೆಯಾಗಿತ್ತು.

ಆಮೇಲೆ ಪ್ರಶ್ನೆಗಳು ಅವನಿಂದಲೇ ಬಂದವು. ಅಂಗಡಿಯ ಮೇಲೆ 5 ಲಕ್ಷ ರೂಪಾಯಿ ಸಾಲವಿತ್ತು. ರಿಸರ್ವ್ ಬ್ಯಾಂಕ್ ಮಾರ್ಚ್ 27ರಂದು ಪ್ರಕಟಿಸಿದ ಮೂರು ತಿಂಗಳ ಕಂತು ಮುಂದೂಡಿಕೆಯನ್ನು ಅವನ ತಂದೆ ಮಾಫಿ ಎಂದೇ ತಿಳಿದಿದ್ದರು. ಶೇ. 11ರ ಬಡ್ಡಿಯಲ್ಲಿ ಮೂರು ತಿಂಗಳು ಏನೂ ಕಟ್ಟದಿದ್ದರೆ ಸುಮಾರು 13,900 ರೂಪಾಯಿ ಅಸಲಿಗೆ ಸೇರಿಕೊಳ್ಳುತ್ತದೆ ಎಂದು ಹುಡುಗ ಲೆಕ್ಕ ಹಾಕಿ ತೋರಿಸಿದ. ಆದರೂ ಕೈಯಲ್ಲಿ ನಗದಿಲ್ಲದ್ದರಿಂದ ಮುಂದೂಡುವುದೇ ಸರಿಯೆಂದು ಅಪ್ಪ-ಮಗ ತೀರ್ಮಾನಿಸಿದರು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತುರ್ತು ಸಾಲ ಖಾತರಿ ಯೋಜನೆ ಪ್ರಕಟಿಸಿದಾಗ, ಫೆಬ್ರವರಿ 29ರಂದು ಇದ್ದ ಬಾಕಿಯ ಶೇ. 20ರಷ್ಟನ್ನು ಹೊಸದಾಗಿ ಅಡಮಾನವಿಲ್ಲದೆ ಪಡೆಯಬಹುದು, ಮೊದಲ ವರ್ಷ ಅಸಲು ಕಟ್ಟಬೇಕಿಲ್ಲ ಎಂಬುದನ್ನು ನಾನು ಹೇಳುವ ಮೊದಲೇ ಅವನು ಓದಿಕೊಂಡು, ತಮ್ಮ ಶಾಖೆಗೆ ಹೋಗಿ ಬಂದಿದ್ದ. ಹುರಿದುಂಬಿಸುವ ಒಂದು ಮಾತನ್ನೂ ನಾನು ಆಡಿದ ನೆನಪಿಲ್ಲ.

ಎಲ್ಲ ಕರೆಗಳೂ ಹೀಗಿರಲಿಲ್ಲ. ಶಿಕ್ಷಣ ಸಾಲದ ಕಂತು ಕೋರ್ಸ್ ಮುಗಿದ ಮರುತಿಂಗಳೇ ಆರಂಭವಾಗುತ್ತದೆ ಎಂಬ ಭಯದಲ್ಲಿ ಒಬ್ಬ ವಿದ್ಯಾರ್ಥಿನಿ ನಿದ್ದೆಗೆಟ್ಟಿದ್ದಳು. ಸಾಮಾನ್ಯವಾಗಿ ಕೋರ್ಸ್ ಮುಗಿದ ಮೇಲೆ ಒಂದು ವರ್ಷದ ಬಿಡುವು ಇರುತ್ತದೆ, ಮಂಜೂರಾತಿ ಪತ್ರ ತೆಗೆದು ನೋಡು ಎಂದಾಗ, ಐದು ನಿಮಿಷದಲ್ಲಿ ಅದರ ಫೋಟೋ ಕಳಿಸಿ "ಇದೆ ಸರ್" ಎಂದಳು. ಅಂತಿಮ ವರ್ಷದ ಪರೀಕ್ಷೆ ಸೆಪ್ಟೆಂಬರ್ ಕೊನೆಯೊಳಗೆ ನಡೆಯಲೇಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಜುಲೈನಲ್ಲಿ ಹೇಳಿದ ಮೇಲೂ, ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯುವವರೆಗೆ ಹುಡುಗರು ತೂಗುಯ್ಯಾಲೆಯಲ್ಲೇ ಇದ್ದರು. ಆ ಅವಧಿಯಲ್ಲಿ ನಮ್ಮ ಬಳಿಯೂ ಹೇಳಲು ಏನೂ ಇರಲಿಲ್ಲ, ಗೊತ್ತಿಲ್ಲ ಎಂದಷ್ಟೇ ಹೇಳುತ್ತಿದ್ದೆವು.

ನಮ್ಮ ಕಡೆಯಿಂದಲೂ ತಪ್ಪುಗಳಾದವು. 19 ಮಂದಿಯಲ್ಲಿ ಆರು ಜನ ಜೂನ್ ಹೊತ್ತಿಗೆ ಕರೆ ಮಾಡುವುದನ್ನು ಬಿಟ್ಟರು, ಅವರ ಪಾಲಿನ ಹುಡುಗರನ್ನು ಬೇರೆಯವರಿಗೆ ಹಂಚಲು ನಾನು ಒಂದು ತಿಂಗಳು ತಡಮಾಡಿದೆ. ಬಿಟ್ಟವರಲ್ಲೊಬ್ಬರಿಗೆ ಅಷ್ಟರಲ್ಲಿ ಸ್ವತಃ ಕೆಲಸ ಹೋಗಿತ್ತು. ಯಾವ ಮುಖ ಇಟ್ಟುಕೊಂಡು ಮಾತನಾಡಲಿ ಎಂದು ಸುಮ್ಮನಾಗಿದ್ದರು. ಹಾಗೇ ಹೇಳಿಬಿಡಿ ಎಂದು ನಾನು ಒತ್ತಾಯಿಸಿದೆ. ಅವರು ತಮ್ಮ ಮೂವರು ವಿದ್ಯಾರ್ಥಿಗಳ ಜೊತೆ ತಾವೂ ಬಯೋಡೇಟಾ ತಿದ್ದುತ್ತ, ಬಂದ ತಿರಸ್ಕಾರದ ಮೇಲ್‌ಗಳನ್ನು ಪರಸ್ಪರ ತೋರಿಸಿಕೊಳ್ಳುತ್ತ ಸೆಪ್ಟೆಂಬರ್‌ವರೆಗೆ ನಡೆಸಿದರು. ಮತ್ತೆ ಶುರುವಾದ ಮೇಲೆ ಆ ಗುಂಪಿನಲ್ಲಿ ಒಂದು ವಾರವೂ ಕರೆ ತಪ್ಪಲಿಲ್ಲ. ನನ್ನದು ಎರಡು ವಾರ ತಪ್ಪಿತ್ತು.

ಡಿಸೆಂಬರ್ ಕೊನೆಗೆ 58 ಮಂದಿಯಲ್ಲಿ 23 ಮಂದಿ ಕೆಲಸದಲ್ಲಿದ್ದರು. ಅವುಗಳಲ್ಲಿ ಹಲವು ಅವರು ಬಯಸಿದ್ದ ಕೆಲಸಗಳಾಗಿರಲಿಲ್ಲ. ಕಿರು ಸಾಲದ ಕಂಪನಿಗಳಲ್ಲಿ ಬೈಕ್ ಮೇಲೆ ಊರೂರು ತಿರುಗಿ ವಸೂಲಿ ಮಾಡುವ ಫೀಲ್ಡ್ ಕೆಲಸಗಳೇ ಹೆಚ್ಚು. ಬಟ್ಟೆ ಅಂಗಡಿಯ ಹುಡುಗ ಅಲ್ಲಿಯವರೆಗೂ ಅರ್ಜಿ ಹಾಕಿರಲಿಲ್ಲ, ಅಪ್ಪನ ಉದ್ರಿಯಲ್ಲಿ ಇನ್ನೂ 70,000 ಬಾಕಿಯಿದೆ ಎನ್ನುತ್ತಿದ್ದ. ಇಬ್ಬರು ಕೊನೆಯವರೆಗೂ ನಮ್ಮ ಫೋನ್ ಎತ್ತಲಿಲ್ಲ.

2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಕರ್ನಾಟಕ ಮತ್ತೆ ಬಾಗಿಲು ಹಾಕಿದಾಗ, ಅದೇ ಪ್ರಾಧ್ಯಾಪಕರು ಮುಂದಿನ ಬ್ಯಾಚಿಗಾಗಿ ಫೋನ್ ಮಾಡಿ, ಉದ್ಘಾಟನೆಗೆ ಯಾರನ್ನು ಕರೆಸೋಣ ಎಂದು ಕೇಳಿದರು. ಉದ್ಘಾಟನೆ ಬೇಡ, ಹೆಸರಿನ ಪಟ್ಟಿ ಕಳಿಸಿ ಸರ್ ಎಂದೆ. ಸಂಜೆ ಪಟ್ಟಿ ಬಂತು. ನಾನು ಅದಕ್ಕೆ ಮೂರು ಕಾಲಂ ಸೇರಿಸಿದೆ: ಮನೆಯಲ್ಲಿ ಎಷ್ಟು ಫೋನ್, ಸಾಲ ಯಾವುದು, ಮನೆಯವರ ದುಡಿಮೆ ಏನು. ಮೊದಲ ಕರೆಗಳ ಹಂಚಿಕೆಯಲ್ಲಿ ನಾಲ್ಕು ಹೆಸರುಗಳನ್ನು ಬಟ್ಟೆ ಅಂಗಡಿಯ ಹುಡುಗನ ಹೆಸರಿನ ಮುಂದೆ ಬರೆದೆ.