ನೆಗಡಿಯೇ, ಫ್ಲೂ ಜ್ವರವೇ? ಗಡಿಯಾರ ನೋಡಿ ಗುರುತಿಸಿ

ಮಳೆಗಾಲ ಹಿಡಿಯಿತೆಂದರೆ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಕೆಮ್ಮತೊಡಗುತ್ತಾರೆ. ಏನೆಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ವೈರಲ್ ಅಂತೆ’. ನೆಗಡಿ, ಇನ್‌ಫ್ಲುಯೆಂಜಾ (ಅಂದರೆ ಫ್ಲೂ), ಕೋವಿಡ್, ಎಳೆಯ ಮಕ್ಕಳ ಉಸಿರಾಟಕ್ಕೆ ಕಾಟ ಕೊಡುವ ವೈರಸ್ಸುಗಳಾದ ಆರ್‌ಎಸ್‌ವಿ, ಎಚ್‌ಎಂಪಿವಿ ಎಲ್ಲವೂ ಈ ಒಂದು ಹೆಸರಿನೊಳಗೆ ಅಡಗಿ ಕೂರುತ್ತವೆ. ಬರೀ ಲಕ್ಷಣ ನೋಡಿ ವೈರಸ್ಸಿನ ಹೆಸರು ಹೇಳುವುದು ವೈದ್ಯರಿಗೂ ಕಷ್ಟ. ಅದಕ್ಕೆ ಮೂಗು, ಗಂಟಲಿನ ದ್ರವದ ಪರೀಕ್ಷೆಯೇ ಆಗಬೇಕು. ಮನೆಯವರಿಗೆ ಅಷ್ಟೆಲ್ಲ ಬೇಕಿಲ್ಲ. ಯಾವುದನ್ನು ವಿಶ್ರಾಂತಿಯಲ್ಲಿ ಕಳೆಯಬಹುದು, ಯಾವುದಕ್ಕೆ ಇವತ್ತೇ ಆಸ್ಪತ್ರೆಗೆ ಹೊರಡಬೇಕು ಎಂಬುದು ಗೊತ್ತಾದರೆ ಸಾಕು. ಗೋಡೆಯ ಗಡಿಯಾರ ಮತ್ತು ಕ್ಯಾಲೆಂಡರ್ ಇದ್ದರೆ ಅಷ್ಟನ್ನು ತಿಳಿಯಬಹುದು.

ಹೆಜ್ಜೆ 1: ಎಷ್ಟು ಬೇಗ ಬಂತು?

ನೆಗಡಿ ಮೆಲ್ಲಗೆ ಬರುತ್ತದೆ. ಮೊದಲು ಗಂಟಲು ಕೆರೆತ, ಆಮೇಲೆ ಸೀನು, ಸೋರುವ ಮೂಗು. ದೊಡ್ಡವರಿಗೆ ಜ್ವರ ಬರುವುದು ಅಪರೂಪ. ಫ್ಲೂ ಹಾಗಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆಗೆ ಚಳಿ ಹತ್ತಿ ಮುಸುಕು ಹಾಕಿಕೊಂಡು ಮಲಗಿರುತ್ತಾರೆ. ಜ್ವರ ಯಾವಾಗ ಬಂತೆಂದು ಕೇಳಿದರೆ ಹೊತ್ತು ಸಮೇತ ಹೇಳಬಲ್ಲರು. ಮೈಕೈ ನೋವು, ತಲೆನೋವು, ಒಣಕೆಮ್ಮು, ಎದ್ದು ನಿಲ್ಲಲಾಗದ ಸುಸ್ತು ಜೊತೆಗಿರುತ್ತವೆ.

ಈ ಹೊತ್ತನ್ನು ಬರೆದಿಟ್ಟುಕೊಳ್ಳಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಲಕ್ಷಣ ಕಾಣಿಸಿದ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ ನೀಡುತ್ತದೆ. ಗರ್ಭಿಣಿಯರು, ವಯಸ್ಸಾದವರು, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ, ಹೃದ್ರೋಗ ಅಥವಾ ಉಬ್ಬಸ ಇರುವವರು ‘ಎರಡು ದಿನ ನೋಡೋಣ’ ಎಂದು ಕಾಯುವುದು ಬೇಡ.

ಕೋವಿಡ್ ನೆಗಡಿಯಂತೆಯೂ ಕಾಣಬಹುದು, ಫ್ಲೂನಂತೆಯೂ ಕಾಣಬಹುದು. ಮೊದಲ ಅಲೆಗಳಲ್ಲಿ ವಾಸನೆ ಹೋಗುವುದು ಅದರ ದೊಡ್ಡ ಗುರುತಾಗಿತ್ತು. ಒಮೈಕ್ರಾನ್ ಬಂದ ಮೇಲೆ ಆ ಗುರುತು ಅಷ್ಟಾಗಿ ಉಳಿದಿಲ್ಲ. ಅನುಮಾನವಿದ್ದರೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಮಾಡಿಕೊಳ್ಳುವ ಕಿಟ್ ‘ನೆಗೆಟಿವ್’ ತೋರಿಸಿದ ಮಾತ್ರಕ್ಕೆ ಸೋಂಕಿಲ್ಲವೆಂದು ನಿಶ್ಚಿಂತರಾಗಬೇಡಿ.

ಹೆಜ್ಜೆ 2: ಏನಿಲ್ಲ ಎಂಬುದನ್ನೂ ನೋಡಿ

ಜ್ವರವಿಲ್ಲ, ಮೈಕೈ ನೋವಿಲ್ಲ, ಆದರೆ ಕಣ್ಣು ಮೂಗು ತುರಿಸುತ್ತವೆ, ಸಾಲುಸಾಲು ಸೀನು, ನೀರಿನಂತೆ ಸುರಿಯುವ ಮೂಗು: ಇದು ಬಹುತೇಕ ಅಲರ್ಜಿ. ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ನಮ್ಮ ‘ಕಾಂಗ್ರೆಸ್ ಗಿಡ’ದ ಪರಾಗಕ್ಕೂ ಹೀಗಾಗುವುದುಂಟು. ಇದಕ್ಕೆ ವಿರುದ್ಧವಾಗಿ, ವಿಪರೀತ ಜ್ವರ, ಕಣ್ಣಿನ ಹಿಂದೆ ನೋವು ಇದ್ದು ನೆಗಡಿ ಕೆಮ್ಮಿನ ಸುಳಿವೇ ಇಲ್ಲದಿದ್ದರೆ ಡೆಂಗಿ ನೆನಪಾಗಬೇಕು. ರಕ್ತಪರೀಕ್ಷೆ ಆಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯವಿದೆ. ಪ್ಯಾರಾಸಿಟಮಾಲ್ ಸಾಕು.

ಹೆಜ್ಜೆ 3: ಉಸಿರು ಎಣಿಸಿ

ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗ ಊರೆಲ್ಲ ಗಾಬರಿಯಾಯಿತು. ಅದು 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಗುರುತಿಸಿದ ಹಳೆಯ ವೈರಸ್. ಎಳೆಯ ಮಕ್ಕಳಲ್ಲಿ ಅದೂ ಆರ್‌ಎಸ್‌ವಿಯೂ ಒಂದೇ ರೀತಿ ಕಾಡುತ್ತವೆ: ಮೊದಲ ಎರಡು ಮೂರು ದಿನ ಬರೀ ನೆಗಡಿ, ಆಮೇಲೆ ಎದೆಯಲ್ಲಿ ಸುಯ್ ಸುಯ್ ಸದ್ದು, ಏದುಸಿರು. ಮೂರರಿಂದ ಐದನೆಯ ದಿನದ ಹೊತ್ತಿಗೆ ಉಸಿರಾಟದ ಕಷ್ಟ ಹೆಚ್ಚುವುದುಂಟು. ಹೆಸರು ಯಾವುದಾದರೂ ಗಮನವಿಡಬೇಕಾದದ್ದು ಮಗುವಿನ ಉಸಿರಿನ ಮೇಲೆ.

ಮಗು ಮಲಗಿದ್ದಾಗ ಅಥವಾ ಅಳದೆ ಸುಮ್ಮನಿದ್ದಾಗ ಅಂಗಿ ಮೇಲೆತ್ತಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಸೆಕೆಂಡ್ ಮುಳ್ಳು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಕೂಸುಗಳ ಉಸಿರು ಏರುಪೇರಾಗಿರುತ್ತದೆ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ನ್ಯುಮೋನಿಯಾದ ಶಂಕೆ, ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೇದಿದರೆ, ತುಟಿ ನೀಲಿಯಾದರೆ, ಮಗು ಹಾಲು ಬಿಟ್ಟರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ದೊಡ್ಡವರಲ್ಲಿ ಎದೆನೋವು, ಏದುಸಿರು, ಮಂಕು, ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಡಿಮೆ ಅಂಕಿ ಕಂಡರೂ ಅಷ್ಟೇ.

ಹೆಜ್ಜೆ 4: ದಿನ ಎಣಿಸಿ

ನೆಗಡಿ ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಗುಣವಾಗುತ್ತಿದೆ ಎನ್ನುವಾಗಲೇ ಜ್ವರ ಮತ್ತೆ ಏರಿದರೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಕೆಮ್ಮು ಎರಡು ವಾರ ದಾಟಿದರೆ, ಅದರಲ್ಲೂ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ.

ಔಷಧದ ವಿಚಾರಕ್ಕೆ ಬಂದರೆ ನಮ್ಮದು ಅವಸರದ ಸ್ವಭಾವ. ಕಫ ಹಳದಿ, ಹಸಿರು ಬಣ್ಣಕ್ಕೆ ತಿರುಗಿತೆಂದು ಅಂಗಡಿಯಲ್ಲಿ ಆ್ಯಂಟಿಬಯಾಟಿಕ್ ಕೇಳಿ ತರುತ್ತೇವೆ. ವೈರಸ್ಸಿಗೂ ಆ ಮಾತ್ರೆಗೂ ಸಂಬಂಧವಿಲ್ಲ, ನೆಗಡಿಯಲ್ಲೂ ಕಫ ಬಣ್ಣಗೆಡುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ವರ್ಷ ತುಂಬದ ಕೂಸಿಗೆ ಜೇನುತುಪ್ಪವೂ ಬೇಡ. ಮೆಣಸಿನ ಕಷಾಯ ದೊಡ್ಡವರ ಗಂಟಲಿಗೆ ಹಿತ, ಕುಡಿಯಿರಿ. ಹಬೆಯಿಂದ ವೈರಸ್ ಸಾಯುವುದಿಲ್ಲ, ಕುದಿವ ನೀರಿನ ಪಾತ್ರೆ ಉರುಳಿ ಮಕ್ಕಳ ಮೈ ಸುಡುವುದು ಮಾತ್ರ ನಿಜ.

ಹೆಜ್ಜೆ 5: ಹರಡದಂತೆ ತಡೆಯಿರಿ

ಫ್ಲೂ ಬಂದವರು ಲಕ್ಷಣ ಕಾಣಿಸುವ ಹಿಂದಿನ ದಿನದಿಂದಲೇ ಅಂಟಿಸತೊಡಗುತ್ತಾರೆ, ಮುಂದೆ ಐದರಿಂದ ಏಳು ದಿನ ಅಂಟಿಸುತ್ತಾರೆ. ಆದ್ದರಿಂದ ಮಾಸ್ಕ್ ಮೊದಲು ಹಾಕಿಕೊಳ್ಳಬೇಕಾದದ್ದು ಕೆಮ್ಮುವವರು. ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಿರಿ, ಎರಚಲು ಹೊಡೆಯದ ಕಡೆಯ ಕಿಟಕಿಯನ್ನಾದರೂ ತೆರೆದಿಡಿ. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರಷ್ಟೇ ಮಗುವನ್ನು ಶಾಲೆಗೆ ಕಳಿಸಿ. ‘ಹಾಜರಾತಿ ಹೋಗುತ್ತದೆ’ ಎಂದು ಒಂದು ಮಗುವನ್ನು ಕಳಿಸಿದರೆ ಅಕ್ಕಪಕ್ಕದ ಬೆಂಚಿನವರ ಹಾಜರಾತಿಯೂ ಹೋಗುತ್ತದೆ.

ಫ್ಲೂ ಲಸಿಕೆಯನ್ನು ಆರು ತಿಂಗಳು ತುಂಬಿದ ಮಗುವಿನಿಂದ ಹಿಡಿದು ಯಾರಿಗೂ ಹಾಕಿಸಬಹುದು, ಗರ್ಭಿಣಿಯರಿಗೂ. ವೈರಸ್ ವೇಷ ಬದಲಿಸುವುದರಿಂದ ಪ್ರತಿವರ್ಷ ಬೇಕು. ರಕ್ಷಣೆ ಮೂಡಲು ಸುಮಾರು ಎರಡು ವಾರ ಹಿಡಿಯುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಏರುವುದರಿಂದ ಏಪ್ರಿಲ್, ಮೇ ಒಳ್ಳೆಯ ಸಮಯ. ಇದು ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯಾದರೆ ಉಚಿತ: ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು. ತಾಯಿ ಕಾರ್ಡ್ ತೆಗೆದು ಮೂರೂ ಆಗಿವೆಯೇ ನೋಡಿ. ಬಿಟ್ಟುಹೋಗಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.