ಆಸೆಯನ್ನು ತಡೆಯುವುದೇನು: ಆಪ್ತಸಮಾಲೋಚಕಿಯಾಗಿ ನನ್ನ ಅನುಭವ

ಲೈಂಗಿಕ ಆಸಕ್ತಿ ಕುಂದಿದೆ ಎಂದು ಹೇಳಿಕೊಂಡು ಬರುವ ಮಹಿಳೆಯರನ್ನು ನಾನು ಮೊದಲ ಭೇಟಿಯಲ್ಲಿ ವಾರಕ್ಕೆ ಎಷ್ಟು ಬಾರಿ ಎಂದು ಕೇಳುವುದಿಲ್ಲ. ಆ ಲೆಕ್ಕವನ್ನು ಸಂಗಾತಿ ಆಗಲೇ ಇಟ್ಟಿರುತ್ತಾರೆ, ಅದರ ಒತ್ತಡವೂ ಆ ಮಹಿಳೆಯರ ಮೇಲೆ ಸಾಕಷ್ಟು ಬಿದ್ದಿರುತ್ತದೆ. ನಾನು ಕೇಳುವುದು, ಹತ್ತಿರವಾಗುವ ಸಂದರ್ಭ ಒದಗಿದಾಗ ಅವರ ಮನಸ್ಸು ಎಲ್ಲಿರುತ್ತದೆ ಎಂದು. ಥೈರಾಯ್ಡ್, ಹೆರಿಗೆಯ ನಂತರದ ಅವಧಿ, ಮುಟ್ಟು ನಿಲ್ಲುವ ಕಾಲ, ಮಿಲನದ ವೇಳೆಯ ನೋವು, ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಇವೆಲ್ಲವನ್ನೂ ವೈದ್ಯರು ಪರಿಶೀಲಿಸಿದ್ದಾರೆಯೇ ಎಂದು ಖಚಿತಪಡಿಸಿಕೊಂಡೇ ಮುಂದುವರಿಯುತ್ತೇನೆ.

ಬಹಳ ಮಂದಿ, ತಾನಾಗಿ ಆಸೆ ಹುಟ್ಟದಿದ್ದರೆ ತಮ್ಮಲ್ಲೇ ಏನೋ ಕೊರತೆಯಿದೆ ಎಂದು ನಂಬಿರುತ್ತಾರೆ. ಅವರಿಗೆ ನಾನು ಕೆನಡಾದ ವೈದ್ಯೆ ರೋಸ್ಮೆರಿ ಬ್ಯಾಸನ್ 2000ರಲ್ಲಿ ಮುಂದಿಟ್ಟ ಮಾದರಿಯನ್ನು ವಿವರಿಸುತ್ತೇನೆ: ದೀರ್ಘಕಾಲದ ಸಂಬಂಧದಲ್ಲಿರುವ ಅನೇಕ ಮಹಿಳೆಯರಲ್ಲಿ ಆಪ್ತತೆಯ ಹಂಬಲ ಮೊದಲು ಬರುತ್ತದೆ, ಸ್ಪರ್ಶಕ್ಕೆ ದೇಹ ಸ್ಪಂದಿಸುತ್ತದೆ, ಆಸೆ ಅದರ ಹಿಂದೆ ಬರುತ್ತದೆ. ಇದನ್ನು ಕೇಳಿ ನಿರಾಳವಾಗುವವರೇ ಹೆಚ್ಚು. ಆದರೆ "ಶುರು ಮಾಡಿದರೆ ತಾನೇ ಬರುತ್ತದೆ" ಎಂದು ಒತ್ತಾಯಿಸಲು ಈ ಮಾತನ್ನು ಬಳಸಿಕೊಳ್ಳುವ ಸಂಗಾತಿಗಳೂ ಇರುವುದರಿಂದ, ಬೇಡ ಎನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ಈ ಮಾದರಿಗೆ ಅರ್ಥವೇ ಇಲ್ಲವೆಂಬುದನ್ನು ಜೋಡಿಯ ಎದುರಿನಲ್ಲೇ ಹೇಳುತ್ತೇನೆ.

ನನ್ನ ಕೆಲಸದ ಬಹುಪಾಲು ನಡೆಯುವುದು ಲೈಂಗಿಕತೆಯ ಸಂಶೋಧಕರಾದ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸೆನ್ ರೂಪಿಸಿದ ದ್ವಿನಿಯಂತ್ರಣ ಮಾದರಿಯ ಆಧಾರದ ಮೇಲೆ. ಉದ್ರೇಕಿಸುವ ವ್ಯವಸ್ಥೆ ಒಂದು, ತಡೆಯುವ ವ್ಯವಸ್ಥೆ ಇನ್ನೊಂದು. ಬ್ರೇಕ್ ಒತ್ತಿಕೊಂಡೇ ಇದ್ದರೆ ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಕದಲದು. ತಮ್ಮನ್ನು ಉದ್ರೇಕಿಸುವುದನ್ನೂ ತಡೆಯುವುದನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಂಡು ಬರಲು ಹೇಳುತ್ತೇನೆ. ತಡೆಯುವ ಹಾಳೆಯೇ ಮೊದಲು ತುಂಬುತ್ತದೆ: ಗರ್ಭ ಧರಿಸುವ ಭಯ, ಪಕ್ಕದ ಕೋಣೆಯವರಿಗೆ ಕೇಳಿಸೀತೆಂಬ ಅಳುಕು, ದೇಹದ ಬಗೆಗಿನ ನಾಚಿಕೆ, ಬಯಸುವುದೇ ತಪ್ಪೆಂದು ಚಿಕ್ಕಂದಿನಲ್ಲಿ ಕಲಿಸಿದ ಪಾಠ.

ಆ ಹಾಳೆಯಲ್ಲಿ ತಡವಾಗಿ ಬರುವುದು ಅಸಮಾಧಾನ. ಪ್ರೀತಿಗೇನೂ ಕಡಿಮೆಯಿಲ್ಲ ಎಂದೇ ಮಾತು ಆರಂಭವಾಗುತ್ತದೆ. ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ, ಮನೆಯ ಪ್ರತಿಯೊಂದನ್ನೂ ತಾವೇ ನೆನಪಿಟ್ಟುಕೊಳ್ಳಬೇಕಾದ ದಣಿವು, ಹಿಂದೊಮ್ಮೆ ಕೇಳಿದ ಚುಚ್ಚುಮಾತು, ಜಗಳದ ನಂತರ ಕ್ಷಮೆಯಿಲ್ಲದೆ ಚಾಚಿದ ಕೈ ಹೊರಬರುತ್ತವೆ. ಹಗಲೆಲ್ಲ ಒಂಟಿಯಾಗಿ ಹೊರೆ ಹೊತ್ತವಳಿಗೆ ರಾತ್ರಿ ಬರುವ ಸ್ಪರ್ಶ ಮತ್ತೊಂದು ಬೇಡಿಕೆಯಾಗಿಯೇ ಕಾಣುತ್ತದೆ. ಇಂಥಲ್ಲಿ ನಾನು ಹಾಸಿಗೆಯ ಮಾತನ್ನು ಬದಿಗಿಟ್ಟು, ಹೊಣೆಗಳ ಹಂಚಿಕೆಯ ಬಗ್ಗೆಯೇ ಹಲವು ಭೇಟಿಗಳನ್ನು ಕಳೆಯುತ್ತೇನೆ. ಸಂಗಾತಿಗೆ ಇದು ವಿಷಯಾಂತರವೆನಿಸಿ ಬೇಸರವಾಗುವುದುಂಟು.

ನಂತರ, ಅಮೆರಿಕದ ಲೈಂಗಿಕತೆಯ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ಜೋಡಿ ಬಳಕೆಗೆ ತಂದ ಸ್ಪರ್ಶಾಭ್ಯಾಸವನ್ನು, ಅಂದರೆ ಸಂಭೋಗದ ಗುರಿಯಿಲ್ಲದೆ ಪರಸ್ಪರ ಸ್ಪರ್ಶಿಸುವ ಅಭ್ಯಾಸವನ್ನು, ಇಬ್ಬರೂ ಒಪ್ಪಿದರೆ, ಕೊಡುತ್ತೇನೆ. ಕೆಲವು ವಾರ ಸಂಭೋಗ ಇಲ್ಲವೆಂದು ಮೊದಲೇ ತೀರ್ಮಾನವಾಗಿರುತ್ತದೆ. ಎಲ್ಲ ಅಪ್ಪುಗೆಯೂ ಸಂಭೋಗದಲ್ಲೇ ಮುಗಿಯಬೇಕೆಂಬ ನಿರೀಕ್ಷೆಯಿಂದಾಗಿ ಕೈ ಹಿಡಿಯುವುದನ್ನೂ ತಪ್ಪಿಸುತ್ತಿದ್ದವರು ಈ ಅವಧಿಯಲ್ಲಿ ತಾವಾಗಿಯೇ ಹತ್ತಿರ ಕೂರತೊಡಗುವುದನ್ನು ಕಂಡಿದ್ದೇನೆ. ತನ್ನನ್ನೇ ಹೊರಗಿನಿಂದ ನೋಡುತ್ತಾ ಸರಿಯಾಗಿ ಸ್ಪಂದಿಸುತ್ತಿದ್ದೇನೆಯೇ ಎಂದು ಅಳೆಯುವವರಿಗೆ, ಚರ್ಮದ ಬಿಸುಪು, ಉಸಿರಿನ ಏರಿಳಿತಗಳತ್ತ ಗಮನ ಹಿಂತಿರುಗಿಸುವ ಸಾವಧಾನತೆಯ ಅಭ್ಯಾಸವನ್ನೂ ಸೇರಿಸುತ್ತೇನೆ. ದೌರ್ಜನ್ಯದ ನೆನಪುಳ್ಳವರಿಗೆ ಇದಾವುದನ್ನೂ ಆರಂಭದಲ್ಲಿ ಕೊಡುವುದಿಲ್ಲ. ಆಘಾತ ಚಿಕಿತ್ಸೆಯಲ್ಲಿ ಪರಿಣತರಾದವರ ಬಳಿ ಮೊದಲು ಕಳುಹಿಸುತ್ತೇನೆ.

ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಪ್ರಕಾರ ಆಸಕ್ತಿಯ ಕೊರತೆಯನ್ನು ಸಮಸ್ಯೆಯೆಂದು ಗುರುತಿಸಲು ಅದು ಸುಮಾರು 6 ತಿಂಗಳಾದರೂ ಇರಬೇಕು, ಮತ್ತು ಸ್ವತಃ ಆ ಮಹಿಳೆಗೆ ಅದರಿಂದ ಗಣನೀಯ ಯಾತನೆಯಾಗಿರಬೇಕು. ಈ ಎರಡನೆಯ ಷರತ್ತನ್ನು ನಾನು ಬಿಡದೆ ಪರೀಕ್ಷಿಸುತ್ತೇನೆ. ಯಾತನೆ ಸಂಗಾತಿಯದು ಮಾತ್ರ ಎಂದು ತಿಳಿದಾಗ, ಆ ಮಹಿಳೆಗೆ ಯಾವ ರೋಗದ ಹೆಸರನ್ನೂ ಹಚ್ಚದೆ, ಇಬ್ಬರ ಆಸೆಗಳ ನಡುವಿನ ಅಂತರವನ್ನು ಮುಂದಿನ ಭೇಟಿಯಿಂದ ಇಬ್ಬರೊಡನೆಯೂ ಚರ್ಚಿಸುತ್ತೇನೆ.