ಬೆಳಚಿನ ಸುಣ್ಣ, ಚಿರೆಕಲ್ಲಿನ ಕೆಂಪು: ಕಾವಿ ಚಿತ್ರ ಬರೆಯಲು ನಾನು ಕಲಿತ ಬಗೆ

ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ, ತದಡಿಯ ಎದುರು ದಂಡೆಯಲ್ಲಿ ನನ್ನ ಮನೆಯಿದೆ. ಚಿತ್ರಕಲೆಯ ತರಬೇತಿ ಮುಗಿಸಿ ಊರಿಗೆ ಮರಳಿದ ಮೇಲೆ 12 ವರ್ಷ ಈ ಅಳಿವೆಯನ್ನೇ ಜಲವರ್ಣದಲ್ಲಿ ಬರೆದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗಜನಿ ಗದ್ದೆಗಳು, ಸಾಣಿಕಟ್ಟೆಯ ಉಪ್ಪಿನ ಆಗರಗಳು, ನೀರು ಇಳಿದ ಹೊತ್ತಿನಲ್ಲಿ ಬಗ್ಗಿ ನಿಂತು ಬೆಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು, ಇವೇ ನನ್ನ ವಸ್ತುಗಳಾಗಿದ್ದವು. ಆದರೆ ನಮ್ಮ ಮಳೆಗಾಲ ಕಾಗದವನ್ನು ಬಾಳಗೊಡುವುದಿಲ್ಲ. ಗಾಜಿನ ಚೌಕಟ್ಟಿನೊಳಗೂ ಬೂಷ್ಟು ಹಿಡಿದು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆಕಾಶದ ನೀಲಿಯಲ್ಲಿ ಕಂದು ಚುಕ್ಕೆಗಳು ಮೂಡುತ್ತಿದ್ದವು. ಅದೇ ದಿನಗಳಲ್ಲಿ ಒಂದು ಹಳೆಯ ದೇವಸ್ಥಾನದ ಹೊರಗೋಡೆಯ ಮೇಲೆ, ಮಳೆಯ ಎರಚಲಿಗೆ ತೆರೆದುಕೊಂಡಿದ್ದ ಕಾವಿ ಕುದುರೆಯೊಂದನ್ನು ಹತ್ತಿರದಿಂದ ನೋಡಿದೆ. ಅದರ ಗೊರಸಿನ ಗೆರೆಯ ಮೇಲೆ ಬೆರಳಾಡಿಸಿದಾಗ ಉಗುರಿನ ತುದಿ ಕೂರುವಷ್ಟು ಆಳ ಇನ್ನೂ ಉಳಿದಿತ್ತು. ನನ್ನ ಕೆಲಸ ಬದಲಾದದ್ದು ಅಲ್ಲಿಂದ.

ಕಾವಿ ಕಲೆ ಗೋವೆಯಿಂದ ಉತ್ತರ ಕನ್ನಡ, ಉಡುಪಿಯವರೆಗಿನ ಕರಾವಳಿಯ ದೇವಾಲಯಗಳಲ್ಲಿಯೂ ಹಳೆಯ ಮನೆಗಳಲ್ಲಿಯೂ ಕಾಣುವ ಭಿತ್ತಿಚಿತ್ರ. ಇದನ್ನು ಕುಂಚದಿಂದ ಬಳಿಯುವುದಿಲ್ಲ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರವನ್ನು ಹಚ್ಚಿ, ಅದು ಹಸಿಯಾಗಿರುವಾಗಲೇ ಮೊನೆಯಿಂದ ಕೆರೆದು ಅಡಿಯ ಬಿಳಿಯನ್ನು ತೆರೆಯುತ್ತಾರೆ. ಹೊನ್ನಾವರದಲ್ಲಿ ಹುಟ್ಟಿದ ಲೇಖಕ ಕೃಷ್ಣಾನಂದ ಕಾಮತರು ಊರೂರು ಅಲೆದು ಇದನ್ನು ದಾಖಲಿಸದೆ ಇದ್ದಿದ್ದರೆ ನನ್ನಂಥವರಿಗೆ ಹೆಜ್ಜೆಯಿಡಲು ದಾರಿಯೇ ಇರುತ್ತಿರಲಿಲ್ಲ.

ಓದಿ ತಿಳಿದದ್ದಕ್ಕೂ ಕೈಗೆ ಬಂದದ್ದಕ್ಕೂ ನಡುವೆ ಮೂರು ವರ್ಷ ಕಳೆದವು. ಮೊದಲ ಗೋಡೆಗೆ ಅಂಗಡಿಯ ಸುಣ್ಣದ ಪುಡಿಯನ್ನು ಕಲಸಿ ಹಚ್ಚಿದ್ದೆ. ಅದು ಸರಿಯಾಗಿ ಅರಳಿರಲಿಲ್ಲವಾದ್ದರಿಂದ ಒಳಗೆ ಉಳಿದ ಹರಳುಗಳು ತಿಂಗಳಾದ ಮೇಲೆ ಉಬ್ಬಿ ಸಿಡಿದು, ಗೋಡೆಯ ತುಂಬ ಸಾಸಿವೆ ಗಾತ್ರದ ಗುಳಿಗಳಾದವು. ಆಮೇಲೆ ಬೆಳಚಿನ ಚಿಪ್ಪಿಗೆ ಬಂದೆ. ಅಳಿವೆಯ ತಳವನ್ನು ತೋಡಿ ಚಿಪ್ಪು ತೆಗೆಯುವುದು ನನಗೆ ಸಮ್ಮತವಿಲ್ಲ. ಪದಾರ್ಥ ಮಾಡಿದ ಮೇಲೆ ಮನೆಗಳ ಹಿತ್ತಿಲಲ್ಲಿ ರಾಶಿ ಬೀಳುವ ಚಿಪ್ಪೇ ನನ್ನ ಕೆಲಸಕ್ಕೆ ಸಾಕು. ಅದನ್ನು ಒಂದು ಮಳೆಗಾಲ ತೊಳೆಯಲು ಬಿಟ್ಟು, ಇದ್ದಿಲು ಮತ್ತು ತೆಂಗಿನ ಕರಟದ ಜೊತೆ ಪದರ ಪದರವಾಗಿ ಗೂಡಿನಲ್ಲಿ ಪೇರಿಸಿ ಸುಡುತ್ತೇನೆ. ಸುಟ್ಟ ಚಿಪ್ಪು ಆಕಾರ ಕೆಡದೆ ಹಾಗೆಯೇ ಇರುತ್ತದೆ, ಆದರೆ ಕೈಯಲ್ಲಿ ಹಿಡಿದರೆ ಹಗುರ. ನೀರು ಚಿಮುಕಿಸಿದ ಒಂದೆರಡು ನಿಮಿಷ ಏನೂ ಆಗುವುದಿಲ್ಲ. ನಂತರ ಚಟಪಟ ಸದ್ದು ಶುರುವಾಗಿ, ಹಬೆಯೆದ್ದು, ಚಿಪ್ಪುಗಳು ಒಂದೊಂದಾಗಿ ಬಿರಿದು ಹಿಟ್ಟಾಗುತ್ತವೆ. ಈ ಹೊತ್ತಿನಲ್ಲಿ ಕಣ್ಣಿಗೆ ಕನ್ನಡಕವಿಲ್ಲದೆ ಯಾರೂ ಹತ್ತಿರ ಹೋಗಬಾರದು.

ಈ ಸುಣ್ಣಕ್ಕೆ ಎರಡು ಪಾಲು ತೊಳೆದ ಮರಳನ್ನೂ ಬೆಲ್ಲದ ನೀರನ್ನೂ ಸೇರಿಸಿ 15 ದಿನ ಹುಳಿಯಲು ಬಿಟ್ಟು, ಆಮೇಲೆ ಒರಳಿನಲ್ಲಿ ಕುಟ್ಟಬೇಕು. ಮರಳಿನ ವಿಷಯದಲ್ಲಿ ನಾನು ಮಾಡಿದ ತಪ್ಪು ದೊಡ್ಡದು. ಮನೆಯ ಮುಂದೆಯೇ ಇದೆಯಲ್ಲ ಎಂದು ಅಳಿವೆಯ ಮರಳನ್ನು ಬಳಸಿದೆ. ಚಿತ್ರ ಒಣಗಿದ ಮೇಲೆ ಕೆಂಪಿನ ಮೇಲೆಲ್ಲ ಉಪ್ಪು ಬೆಳ್ಳಗೆ ಹೂತು ನಿಂತಿತು. ಈಗ ಉಬ್ಬರದ ನೀರು ತಲುಪದ ಮೇಲ್ಭಾಗದ ಸಿಹಿನೀರಿನ ಮರಳನ್ನಷ್ಟೇ ತರುತ್ತೇನೆ, ತಂದ ಮೇಲೂ ಬಾವಿ ನೀರಿನಲ್ಲಿ ಐದಾರು ಸಲ ತೊಳೆಯುತ್ತೇನೆ.

ಕೆಂಪು ಬರುವುದು ನಮ್ಮ ಚಿರೆಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನೆಲದಿಂದಲೇ. ಕಲ್ಲಿನ ನಡುವೆ ಸಿಗುವ ಗಾಢ ಕೆಂಪಿನ ಮೆದು ಗಡ್ಡೆಗಳನ್ನು ಆರಿಸಿ, ಅರೆದು, ನೀರಿನಲ್ಲಿ ಕದಡಿ, ಒರಟಾದದ್ದು ತಳಕ್ಕಿಳಿದ ಮೇಲೆ ಮೇಲಿನ ಕೆನ್ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ, ಹೀಗೆ ಮೂರು ಬಾರಿ ಮಾಡಿದಾಗ ಬೆರಳಿಗೆ ಬೆಣ್ಣೆಯಂತೆ ಹತ್ತುವ ಹುರಮಂಜಿ ದೊರೆಯುತ್ತದೆ. ಅದರ ಬಣ್ಣ ಕಬ್ಬಿಣದ ಆಕ್ಸೈಡಿನದಾದ್ದರಿಂದ ಬಿಸಿಲಿಗೆ ಮಾಸುವುದಿಲ್ಲ, ಸುಣ್ಣದ ಖಾರಕ್ಕೂ ಕೆಡುವುದಿಲ್ಲ.

ಗೋಡೆಯ ಕೆಲಸಕ್ಕೆ ನವರಾತ್ರಿಯಿಂದ ಡಿಸೆಂಬರ್ ಮುಗಿಯುವವರೆಗಿನ ಕಾಲ ಒಳ್ಳೆಯದು. ಮಳೆಯಲ್ಲಿ ಗಾರೆ ಒಣಗುವುದಿಲ್ಲ, ಮಾರ್ಚಿನ ಬಿಸಿಲಿಗೆ ಬಿರುಕು ಬಿಡುತ್ತದೆ. ಬಿಳಿ ಗಾರೆ ಕೂತ ಮೇಲೆ, ಸುಣ್ಣ ಬೆರೆಸಿದ ಹುರಮಂಜಿಯನ್ನು ತೆಳ್ಳಗೆ ಹಚ್ಚಿ ಕಾಯಬೇಕು. ಎಷ್ಟು ಹೊತ್ತು ಎಂಬುದನ್ನು ನನಗೆ ಕಲಿಸಿದವರು ಚಿತ್ರಕಾರರಲ್ಲ, ಗಚ್ಚುಗಾರೆಯ ಕೆಲಸ ಬಲ್ಲ ಒಬ್ಬ ಮುದುಕರು. ಅವರು ನನ್ನ ಕೈ ಹಿಡಿದು ಬೆರಳಿನ ಬೆನ್ನನ್ನು ಗೋಡೆಗೆ ತಾಗಿಸಿ, “ತಮಾ, ತಂಪು ಹತ್ತಬೇಕು, ಬಣ್ಣ ಹತ್ತಬಾರದು, ಆಗ ಶುರು ಮಾಡು” ಎಂದರು. ಅಲ್ಲಿಂದ ಮುಂದೆ ನನಗೆ ಸಿಗುವುದು ನಾಲ್ಕೈದು ಗಂಟೆ ಮಾತ್ರ. ಹದ ಸರಿಯಿದ್ದರೆ ಉಕ್ಕಿನ ಮೊನೆಯ ಮುಂದೆ ಕೆಂಪು ಸುರುಳಿ ಸುರುಳಿಯಾಗಿ ಏಳುತ್ತದೆ. ಪುಡಿ ಉದುರತೊಡಗಿದರೆ ಹೊತ್ತು ಮೀರಿತೆಂದು ತಿಳಿಯಬೇಕು. ತಪ್ಪಿದ ಗೆರೆಯನ್ನು ತಿದ್ದಲು ಬರುವುದಿಲ್ಲ. ಚಿತ್ರ ಮುಗಿದ ಮೇಲೆ ನುಣುಪಾದ ಹೊಳೆಗಲ್ಲಿನಿಂದ ದಿನವೂ ಸ್ವಲ್ಪ ಸ್ವಲ್ಪ ಉಜ್ಜುತ್ತ ಎರಡು ವಾರ ಕಳೆಯುತ್ತೇನೆ. ಅಷ್ಟರಲ್ಲಿ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗತೊಡಗುತ್ತದೆ. ಬೆಳಚಿನ ಚಿಪ್ಪು ಆಗಿರುವುದೂ ಅದರಿಂದಲೇ ಎಂದು ತಿಳಿದ ದಿನ ನನಗಾದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ.

ಎರಡೇ ಬಣ್ಣದಲ್ಲಿ ಅಳಿವೆಯನ್ನು ಬರೆಯಬಹುದೇ ಎಂಬ ಅಳುಕು ಮೊದಲಿತ್ತು. ನೀರಿನ ಹೊಳಪು ಇಲ್ಲಿ ಬರುವುದಿಲ್ಲ, ಅದನ್ನು ಬಿಟ್ಟುಕೊಟ್ಟೆ. ಆದರೆ ನೀರು ಇಳಿದಾಗ ಕೆಸರಿನಲ್ಲಿ ಎದ್ದು ನಿಲ್ಲುವ ಕಾಂಡ್ಲಾದ ಬೇರುಗಳು, ಉದ್ದವಾಗಿ ಬೆಳೆದು ನೀರಿನ ಮೇಲೆ ಬಾಗುವ ಕಗ್ಗದ ತೆನೆ, ಬೆಳ್ಳಕ್ಕಿಯ ಕಾಲು, ಇವೆಲ್ಲ ಗೆರೆಗಳೇ ಆದ್ದರಿಂದ ಜಲವರ್ಣದಲ್ಲಿ ಎಂದೂ ಸಿಗದ ನಿಖರತೆ ಇಲ್ಲಿ ಸಿಕ್ಕಿತು. ಅಂಚಿನ ಪಟ್ಟಿಗಳನ್ನು ಮಾತ್ರ ಹಳೆಯ ಕ್ರಮದಲ್ಲಿಯೇ ಕೈವಾರ ಹಿಡಿದು ಬಿಡಿಸುತ್ತೇನೆ.

ನಾನು ಬೆರಳಾಡಿಸಿದ್ದ ಆ ಕುದುರೆ ಈಗಿಲ್ಲ. ಜೀರ್ಣೋದ್ಧಾರದಲ್ಲಿ ಗೋಡೆಯನ್ನು ಕೆಡವಿ ಹೊಳೆಯುವ ಗ್ರಾನೈಟ್ ಹಾಕಿದರು. ಕೆಡವುವ ಮೊದಲು ಒಂದು ಪಡಿಯಚ್ಚನ್ನಾದರೂ ತೆಗೆದುಕೊಳ್ಳುತ್ತೇನೆಂದು ಕೇಳಿಕೊಂಡಿದ್ದೆ, ಸಮಯ ಸಿಗಲಿಲ್ಲ. ಅಕ್ರಿಲಿಕ್ ಬಣ್ಣದಲ್ಲಿ ಕೆಂಪು–ಬಿಳಿ ವಿನ್ಯಾಸ ಬರೆದು ಕಾವಿ ಎಂದು ಮಾರುವುದನ್ನೂ ನಾನು ಒಪ್ಪಲಾರೆ. ಅಂಥ ಚಿತ್ರ ಚೆನ್ನಾಗಿರಬಹುದು, ಆದರೆ ಅದಕ್ಕೆ ಬೇರೆ ಹೆಸರಿಡಬೇಕು.

ಸದ್ಯ ಕುಮಟಾದ ಕಡೆಯ ಒಂದು ಮನೆಯ ಜಗುಲಿಯ ಗೋಡೆ ಕೈಯಲ್ಲಿದೆ. ಗಾರೆ ಹುಳಿಯಲಿಟ್ಟು ಇಂದಿಗೆ ಒಂಬತ್ತು ದಿನ. ಇನ್ನು ಆರು ದಿನ ಬಿಟ್ಟು ಕುಟ್ಟಲು ಕೂರಬೇಕು.